ಪ್ರೋಬಯಾಟಿಕ್ ಹಾಕಿದ್ರೂ ಮೀನು ಸಾಯ್ತಾವೆ, ಯಾರಾದ್ರೂ ಹೇಳ್ರಪ್ಪ

ಮದ್ದೂರ್_ಹೈದ: ಫೀಡ್‌ಗೆ ಪ್ರೋಬಯಾಟಿಕ್ ಪುಡಿ (ಒಳ್ಳೇ ಬ್ಯಾಕ್ಟೀರಿಯಾ ಅಂತಾರಲ್ಲ, ಅದು) ಕಲಸಿ ಹಾಕ್ತಾನೇ ಇವ್ನಿ, ಆದ್ರೂ ದಿನಾ ಬೆಳಗ್ಗೆ ಎರಡು ಮೂರು ಮೀನು ತೇಲ್ತಾವೆ. ಅಂಗಡಿಯವ್ನು ಡೋಸ್ ಡಬಲ್ ಮಾಡಿ ಅಂದ, ಅದೂ ಆಯ್ತು. ಯಾವ ಕಂಪನಿದು ಒಳ್ಳೇದು ಹೇಳಿ.

ಭದ್ರಾ_ತೀರ: ಯಾವ ಮೀನು? ಕೆರೆನಾ, ಟ್ಯಾಂಕಾ? ಆಳ ಎಷ್ಟು, ಮರಿ ಎಷ್ಟು ಬಿಟ್ಟಿದೀರಿ?

ಮದ್ದೂರ್_ಹೈದ: ಮಾಮೂಲಿ ಕಾಟ್ಲಾ, ರೋಹು ಸಾರ್. ಕೃಷಿ ಹೊಂಡ, ಶೀಟ್ ಹಾಕಿರೋದು.

ಪುಡಿ_ಪಂಡಿತ: ಯಾವ ಬ್ಯಾಕ್ಟೀರಿಯಾ ಅಂತ ಪ್ಯಾಕೆಟ್ ಹಿಂದೆ ಓದಿ. ಬ್ಯಾಸಿಲಸ್ ಸಬ್ಟಿಲಿಸ್ ಆದ್ರೆ ಸ್ಪೋರ್ ಅಂದ್ರೆ ಗಟ್ಟಿ ಕವಚ ಕಟ್ಟುತ್ತೆ, ಬಿಸಿ ತಡೆಯುತ್ತೆ. ಲ್ಯಾಕ್ಟೋಬ್ಯಾಸಿಲಸ್ ತಡೆಯಲ್ಲ. ಹೇಗೆ ಕಲಸ್ತೀರಿ?

ಮದ್ದೂರ್_ಹೈದ: ತೌಡು, ಕಡ್ಲೆಕಾಯಿ ಹಿಂಡಿ ಬೇಯ್ಸಿ, ಬಿಸಿ ಇದ್ದಾಗ್ಲೇ ಪುಡಿ ಹಾಕಿ ಉಂಡೆ ಕಟ್ಟೋದು. ಲ್ಯಾಕ್ಟೋ ಅಂತಾನೇ ಬರ್ದದೆ.

ಪುಡಿ_ಪಂಡಿತ: ಸಿಕ್ತಲ್ಲ ಕಾರಣ! ಆರಿದ ಮೇಲೆ ಬೆಲ್ಲದ ನೀರಲ್ಲಿ ಕಲಸಿ, ಅರ್ಧ ಗಂಟೆ ನೆರಳಲ್ಲಿಡಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಮುಟ್ಟಬೇಡಿ.

ಭದ್ರಾ_ತೀರ: ಪಂಡಿತರೇ, ಪುಡಿ ಸತ್ರೆ ದುಡ್ಡು ದಂಡ, ಮೀನ್ಯಾಕೆ ಸಾಯುತ್ತೆ? ಬೆಳಗಾಗೋ ಹೊತ್ತಿಗೇ ಸಾಯ್ತಿದಾವೆ ಅಂದ್ರೆ ಮೊದಲ ಅನುಮಾನ ಆಕ್ಸಿಜನ್ ಮೇಲೆ. ರಾತ್ರಿ ಪಾಚಿಯೂ ಅದನ್ನೇ ಎಳ್ಕೊಳ್ಳುತ್ತೆ. ನಸುಕಲ್ಲಿ ಮೀನು ಮೇಲೆ ಬಂದು ಬಾಯಿ ಬಿಡ್ತಾವಾ?

ಮದ್ದೂರ್_ಹೈದ: ಬಿಡ್ತಾವೆ, ಹಸಿವಿಗೆ ಅನ್ಕೊಂಡಿದ್ದೆ. ನೀರು ಒಳ್ಳೆ ಹಸ್ರಾಗದೆ. ಆಕ್ಸಿಟೆಟ್ರಾಸೈಕ್ಲಿನ್ನೂ ಜೊತೇಲೇ ಕೊಡ್ತಿವ್ನಿ.

ಪುಡಿ_ಪಂಡಿತ: ಅಯ್ಯೋ! ಆಂಟಿಬಯಾಟಿಕ್ ಕೊಟ್ರೆ ಒಳ್ಳೇ ಬ್ಯಾಕ್ಟೀರಿಯಾನೂ ಹೋಯ್ತು. ನಾನ್ ಹೇಳಿದ್ದೂ ಇದೇ.

ಭದ್ರಾ_ತೀರ: ನೀವು ಹೇಳಿದ್ದು ಬಿಸಿ.

ಫ್ಲಾಕ್_ಗುರು: ಹೊಂಡ ಬಿಟ್ಟು ಬಯೋಫ್ಲಾಕ್ (ಟ್ಯಾಂಕಿಗೆ ಗಾಳಿ ಊದಿ, ಗಲೀಜು ತಿನ್ನುವ ಬ್ಯಾಕ್ಟೀರಿಯಾ ಮುದ್ದೆ, ಅಂದ್ರೆ ಫ್ಲಾಕ್, ಬೆಳೆಸುವ ಪದ್ಧತಿ) ಮಾಡಿ ಮಾರಾಯ್ರೇ. ನನ್ನ ಟ್ಯಾಂಕಲ್ಲಿ ಗಾಳಿ ಇಪ್ಪತ್ನಾಲ್ಕು ಗಂಟೆ.

ಭದ್ರಾ_ತೀರ: ಕರೆಂಟ್ ಹೋದಾಗ? ಫ್ಲಾಕೂ ಉಸಿರಾಡುತ್ತೆ, ಮೀನೂ ಉಸಿರಾಡುತ್ತೆ.
ಮದ್ದೂರಣ್ಣ, ಎರಡು ದಿನ ಫೀಡ್ ನಿಲ್ಸಿ. ಬೋರ್ ನೀರನ್ನ ಎತ್ತರದಿಂದ ಚೆಲ್ಲೋ ಹಾಗೆ ರಾತ್ರಿ ಬಿಡಿ. ಮಧ್ಯಾಹ್ನ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ನೋಡಿ, ಅಲ್ಲೀವರೆಗೂ ಸುಣ್ಣ ಬೇಡ, ಅದು ಪಿಎಚ್ ಏರಿಸುತ್ತೆ. 28 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ರೆ ಮೀನಿನ ಗಲೀಜಿಂದ ಬರೋ ಅಮೋನಿಯಾದಲ್ಲಿ ವಿಷದ ಪಾಲು ಶೇ. 1ಕ್ಕೂ ಕಮ್ಮಿ, 9 ಆದ್ರೆ ಶೇ. 40ರ ಹತ್ರ. ಕೆರೆಗೆ ಎಕರೆಗೆ 4000 ಮರಿ ಅನ್ನೋದು ರೂಢಿ, ನಿಮ್ದು ಎಷ್ಟು?

ಮದ್ದೂರ್_ಹೈದ: ಅಳ್ತೆ ಮಾಡಿಲ್ಲ ಸಾರ್. ಮರಿ ಕೊಟ್ಟೋನು ಇನ್ನೂ ಬಿಡ್ಬೋದು ಅಂದ, ಬಿಟ್ಟೆ.

ಫ್ಲಾಕ್_ಗುರು: ಕರೆಂಟ್ ಹೋದ್ರೆ ನನ್ನ ಹತ್ರ ಇನ್ವರ್ಟರ್ ಉಂಟು, ಜನರೇಟರ್ ಉಂಟು. ಮೇಲೆ ಸೋಲಾರೂ ಹಾಕಿಸಿದ್ದೇನೆ.

ಪುಡಿ_ಪಂಡಿತ: ಎಷ್ಟು ಕಿಲೋವ್ಯಾಟ್? ಸಬ್ಸಿಡಿ ಸಿಕ್ತಾ?

ಫ್ಲಾಕ್_ಗುರು: ಫೋಟೋ ಹಾಕ್ತೇನೆ ಇರಿ.