ಟ್ರ್ಯಾಕ್ಟರ್ ಮತ್ತೆ ನಿಂತಿದೆ: ಡೀಸೆಲ್ ಟ್ಯಾಂಕಿನ ತುಕ್ಕಿಗೆ ಏನು ಮಾಡೋಣ?

ಮನೆ 27:
ಎಲ್ಲರಿಗೂ ನಮಸ್ಕಾರ. ಇವತ್ತು ಮೂರನೇ ಅಡ್ಡರಸ್ತೆಗೆ ನೀರು ಬಂದಿಲ್ಲ. ಮನೆಗಳಿಗೆ ನೀರಿನ ಟ್ಯಾಂಕರ್ ಎಳೆಯುವ ನಮ್ಮ ಟ್ರ್ಯಾಕ್ಟರ್ ಗುಡಿ ತಿರುವಿನಲ್ಲಿ ಮತ್ತೆ ನಿಂತಿತು. ಈ ತಿಂಗಳು ಇದು ನಾಲ್ಕನೇ ಸಲ. ಕೇಳಿದರೆ ಡ್ರೈವರ್ ಹೇಳುವುದು ಒಂದೇ, "ಏರ್ ಹಿಡಿದಿದೆ ಸಾರ್", ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ. ಏರ್ ತೆಗೆದರೆ ಹತ್ತು ನಿಮಿಷ ಓಡುತ್ತದೆ, ಆಮೇಲೆ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಹೊಸ ಫಿಲ್ಟರ್ ಹಾಕಿ ಹನ್ನೆರಡು ದಿನ ಆಗಿದೆ ಅಷ್ಟೇ. ಎದುರಿಗೆ ನಿಂತು ಬಿಚ್ಚಿಸಿದೆ. ಬಟ್ಟಲಿನ ತಳದಲ್ಲಿ ಕೆಂಪು ಗಸಿ, ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ ಚುರುಚುರು ಅನ್ನುತ್ತದೆ. ಡೀಸೆಲ್ ಟ್ಯಾಂಕಿನ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿದೆ. ಡೀಸೆಲ್ ಮಟ್ಟದಿಂದ ಮೇಲೆ ಗೋಡೆಯೆಲ್ಲ ಕಂದು, ಅಲ್ಲಲ್ಲಿ ಹಕ್ಕಳೆ ಎದ್ದಿದೆ. ತುಕ್ಕು.

ಕಾರ್ಯದರ್ಶಿ:
ಗ್ಯಾರೇಜಿನವರು ಹೊಸ ಟ್ಯಾಂಕೇ ಹಾಕಿಸಿ ಅಂತಾರೆ. ಭಾನುವಾರ ಸಭೆ ಇದೆ. ಮನೆಗೆ ಇಷ್ಟು ಅಂತ ಹಾಕೋಣವಾ?

ಖಜಾಂಚಿ:
ದಯವಿಟ್ಟು ಬೇಡ. ಬೀದಿ ದೀಪದ ದುಡ್ಡೇ ಇನ್ನೂ ಹನ್ನೊಂದು ಮನೆಯಿಂದ ಬರಬೇಕು. ಯಾರು ಅಂತ ಇಲ್ಲಿ ಹೇಳಲ್ಲ.

ಮನೆ 9:
ಈಗ ಎಥೆನಾಲ್ ಬೆರೆಸ್ತಾರಲ್ಲ, ಅದೇ ನೀರು ಎಳೆಯೋದು. ಬಂಕಿನವರ ಮೇಲೆ ದೂರು ಕೊಡೋಣ.

ಮನೆ 27:
ಸಾರ್, ಎಥೆನಾಲ್ ಬೆರೆಸುವುದು ಪೆಟ್ರೋಲಿಗೆ, ಡೀಸೆಲ್‌ಗಲ್ಲ. ನನ್ನ ಜೀಪಿಗೂ ಅದೇ ಬಂಕಿನ ಡೀಸೆಲ್, ಅದಕ್ಕೇನೂ ಆಗಿಲ್ಲ. ಆದರೂ ಪರೀಕ್ಷೆ ಮಾಡಿಬಿಟ್ಟೆ. ಬಂಕಿನಿಂದ ತಂದ ಡೀಸೆಲ್ ಒಂದು ಗಾಜಿನ ಬಾಟಲಿ, ಟ್ರ್ಯಾಕ್ಟರ್ ಟ್ಯಾಂಕಿನ ತಳದಿಂದ ಇಳಿಸಿದ್ದು ಇನ್ನೊಂದು ಬಾಟಲಿ. ರಾತ್ರಿ ಪೂರ್ತಿ ಕಿಟಕಿಯಲ್ಲಿಟ್ಟೆ. ಮೊದಲನೆಯದು ತಿಳಿಯಾಗಿದೆ. ಎರಡನೆಯದರಲ್ಲಿ ಕೆಳಗೆ ಎರಡು ಬೆರಳು ನೀರು, ಮೇಲೆ ಡೀಸೆಲ್. ನಡುವೆ ಕರೀ ಲೋಳೆ ತೇಲುತ್ತಿದೆ. ಮೇಷ್ಟ್ರೇ, ಅದೇನು?

ಎರಡನೇ ಅಡ್ಡರಸ್ತೆ ಮೇಷ್ಟ್ರು:
ಅದು ಜೀವ ಇರುವ ಲೋಳೆ! ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳ ಸೇರುತ್ತದೆ. ಎರಡೂ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಕುಡಿಯಲು ನೀರು, ತಿನ್ನಲು ಡೀಸೆಲ್. ಇವು ಬಿಡುವ ಆಮ್ಲ ಕಬ್ಬಿಣವನ್ನು ಇನ್ನೂ ಬೇಗ ತಿನ್ನುತ್ತದೆ. ನೀರು ಇಲ್ಲದಿದ್ದರೆ ಇವೂ ಇಲ್ಲ.

ಮನೆ 9:
ಗಾಳಿಯ ತೇವ ರಾತ್ರಿ ತಣ್ಣಗಾಗಿ ಟ್ಯಾಂಕಿನೊಳಗೆ ನೀರಾಗುತ್ತೆ ಅಂತ ಓದಿದ್ದೆ. ಅದೇ ಇರಬೇಕು.

ಎರಡನೇ ಅಡ್ಡರಸ್ತೆ ಮೇಷ್ಟ್ರು:
ಆಗುತ್ತದೆ, ಆದರೆ ಎಷ್ಟು? 30 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರು ಹೊರುತ್ತದೆ. 20 ಡಿಗ್ರಿಗೆ ಇಳಿದರೆ 17 ಗ್ರಾಂ. ಟ್ಯಾಂಕಿನಲ್ಲಿ 40 ಲೀಟರ್ ಖಾಲಿ ಜಾಗ ಅಂತಿಟ್ಟುಕೊಳ್ಳಿ. ಒಂದು ರಾತ್ರಿಗೆ ಹೆಚ್ಚೆಂದರೆ ಅರ್ಧ ಗ್ರಾಂ, ತಿಂಗಳಿಗೆ ಮೂರು ಟೀ ಚಮಚ. ನಮ್ಮ ಬೇಸಿಗೆಯ ಒಣಗಾಳಿಗೆ ಅಷ್ಟೂ ಇರಲ್ಲ. ಬಾಟಲಿಯಲ್ಲಿ ಎರಡು ಬೆರಳು ನೀರು ಇದೆ ಅಂದರೆ ಎಲ್ಲಿಂದಲೋ ನೇರವಾಗಿ ಸುರಿಯುತ್ತಿದೆ.

ಮನೆ 14:
ನಾನು ಹೇಳಲಾ? ನಮ್ಮ ಅಡುಗೆಮನೆ ಕಿಟಕಿಗೆ ಬೋರ್‌ವೆಲ್ ಪಂಪ್‌ಹೌಸ್ ಕಾಣುತ್ತದೆ. ಟ್ಯಾಂಕರ್ ತುಂಬುವ ಪೈಪಿನ ಜಾಯಿಂಟ್ ದೀಪಾವಳಿಯಿಂದ ಸೋರುತ್ತಿದೆ. ನೀರು ಬೀಳುವುದು ಸರಿಯಾಗಿ ಟ್ರ್ಯಾಕ್ಟರ್ ಬಾನೆಟ್ ಮೇಲೆ. ಡೀಸೆಲ್ ಟ್ಯಾಂಕಿನ ಬಾಯಿಗೆ ಮುಚ್ಚಳದ ಬದಲು ಪ್ಲಾಸ್ಟಿಕ್ ಕವರ್ ಕಟ್ಟಿ, ಸೈಕಲ್ ಟ್ಯೂಬಿನ ತುಂಡು ಬಿಗಿದಿದ್ದಾರೆ. ಕವರಿನ ಮೇಲೆ ನೀರು ಹೊಂಡವಾಗಿ ನಿಂತಿರುತ್ತೆ, ಒಂದು ದಿನ ಗುಬ್ಬಿ ಬಂದು ಕುಡೀತಿತ್ತು. ಎರಡು ಸಲ ಹೇಳಿದ್ದೆ. ಇಲ್ಲಿ ಹೆಂಗಸರ ಮಾತು ಯಾರು ಕೇಳ್ತಾರೆ?

ಕಾರ್ಯದರ್ಶಿ:
ತಪ್ಪಾಯ್ತು ಮೇಡಂ. ಮುಚ್ಚಳ ಕಳೆದಿದ್ದು ನನಗೂ ಗೊತ್ತಿತ್ತು. ಸಣ್ಣದು ಅಂತ ಬಿಟ್ಟೆ.

ಮನೆ 27:
ಹಾಗಾದರೆ ಹೊಸ ಟ್ಯಾಂಕ್ ಹಾಕಿಸಿದರೂ ಮುಂದಿನ ವರ್ಷ ಇದೇ ಕಥೆ. ಮೊದಲು ಮುಚ್ಚಳ. ವಾಷರ್ ಇರುವ ಸರಿಯಾದ ಮುಚ್ಚಳವೇ ಬೇಕು. ಗಾಳಿ ಆಡಲು ಅದಕ್ಕೊಂದು ಸಣ್ಣ ತೂತು ಇರುತ್ತದೆ, ಅದನ್ನು ಯಾರೂ ಎಂಸೀಲ್ ಹಾಕಿ ಮುಚ್ಚಬೇಡಿ. ಮುಚ್ಚಿದರೆ ಡೀಸೆಲ್ ಇಳಿಯಲ್ಲ, ಗಾಡಿ ಮತ್ತೆ ನಿಲ್ಲುತ್ತದೆ.

ಮನೆ 33:
ನಮ್ಮ ಊರಲ್ಲಿ ಅಪ್ಪ ಇಪ್ಪತ್ತೆಂಟು ವರ್ಷ ಒಂದೇ ಟ್ರ್ಯಾಕ್ಟರ್ ಓಡಿಸಿದರು, ಟ್ಯಾಂಕ್ ಒಂದೇ. ಕೆಲಸ ಮುಗಿಸಿ ಬಂದ ಸಂಜೆಯೇ ಡೀಸೆಲ್ ತುಂಬಿಸುತ್ತಿದ್ದರು, ಬೆಳಿಗ್ಗೆ ಅಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ. ಕುತ್ತಿಗೆವರೆಗೆ ತುಂಬುತ್ತಿರಲಿಲ್ಲ, ಬಿಸಿಲಿಗೆ ಡೀಸೆಲ್ ಉಬ್ಬುತ್ತೆ. ವಾರಕ್ಕೊಂದು ದಿನ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ತಳದ ಬೋಲ್ಟ್ ಸಡಿಲಿಸಿ ಒಂದು ಲೋಟ ಇಳಿಸುತ್ತಿದ್ದರು. ರಾತ್ರಿ ನಿಂತ ನೀರು ಮೊದಲು ಬರುತ್ತದೆ. ಗಾಡಿ ಅಲ್ಲಾಡಿದ ಮೇಲೆ ಇಳಿಸಿದರೆ ಎಲ್ಲ ಕಲಕಿರುತ್ತೆ, ಉಪಯೋಗ ಇಲ್ಲ. ಮಳೆಗಾಲದಲ್ಲಿ ಸೈಲೆನ್ಸರ್ ಬಾಯಿಗೆ ತೆಂಗಿನ ಚಿಪ್ಪು ಮುಚ್ಚುವುದಂತೂ ನನ್ನ ಕೆಲಸ. ಮರೆತರೆ ಬೈಗುಳ.

ಮನೆ 9:
ಟ್ಯಾಂಕಿನ ಈಗಿನ ತುಕ್ಕು? ನನ್ನ ಭಾವಮೈದ ವೆಲ್ಡಿಂಗ್ ಶಾಪಿನವನು, ಟ್ಯಾಂಕ್ ಕತ್ತರಿಸಿ ಒಳಗೆ ಉಜ್ಜಿ ಬೆಸುಗೆ ಹಾಕಿಕೊಡ್ತಾನಂತೆ.

ಮನೆ 33:
ಬೇಡವೇ ಬೇಡ. ಖಾಲಿ ಅಂತ ಕಂಡರೂ ಒಳಗೆ ಡೀಸೆಲ್ ಆವಿ ಇರುತ್ತೆ. ಕಿಡಿ ಬಿದ್ದರೆ ಬಾಂಬ್.

ಮನೆ 9:
ಸರಿ ಸರಿ. ಜಿಂಕ್ (ಸತು) ಲೇಪ ಹಾಕಿದರೆ?

ಎರಡನೇ ಅಡ್ಡರಸ್ತೆ ಮೇಷ್ಟ್ರು:
ನೀರಿನ ಪೈಪಿಗೆ ಸರಿ, ಡೀಸೆಲ್‌ಗೆ ಸರಿಯಲ್ಲ. ಡೀಸೆಲ್‌ನಲ್ಲಿರುವ ಆಮ್ಲಗಳ ಜೊತೆ ಸತು ಸೇರಿ ಸೋಪಿನಂಥದ್ದು ಆಗುತ್ತದೆ, ಅದು ಫಿಲ್ಟರ್ ಕಟ್ಟುತ್ತದೆ. ಡೀಸೆಲ್ ಡ್ರಮ್ಮಿಗೂ ಜಿಂಕ್ ಹಾಕಿದ್ದು ಬೇಡ. ತುಕ್ಕು ತೆಗೆಯಲು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಹತ್ತು ಲೀಟರ್ ಬಿಸಿನೀರಿಗೆ ಒಂದು ಕೆಜಿ. ಟ್ಯಾಂಕ್ ಕೆಳಗಿಳಿಸಿ, ಮೊದಲು ಒಳಗಿನ ಎಣ್ಣೆ ಜಿಡ್ಡನ್ನು ವಾಷಿಂಗ್ ಸೋಡಾದಿಂದ ತೊಳೆಯಬೇಕು, ಇಲ್ಲದಿದ್ದರೆ ಆಮ್ಲ ಕಬ್ಬಿಣಕ್ಕೆ ಮುಟ್ಟಲ್ಲ. ಹಳೇ ಸೈಕಲ್ ಚೈನು ಒಳಗೆ ಹಾಕಿ ಅಲುಗಾಡಿಸಿದರೆ ಹಕ್ಕಳೆ ಉದುರುತ್ತವೆ. ಚೈನಿನ ಒಂದು ತುದಿಗೆ ತಂತಿ ಕಟ್ಟಿ ಹೊರಗೆ ಬಿಡಿ, ಆಮೇಲೆ ತೆಗೆಯಲು ಪರದಾಡಬೇಡಿ. ಆಮೇಲೆ ನಿಂಬೆ ಉಪ್ಪಿನ ನೀರು ಒಂದು ರಾತ್ರಿ. ಕೊನೆಗೆ ಮತ್ತೆ ಸೋಡಾ ನೀರಲ್ಲಿ ತೊಳೆದು ಕೂಡಲೇ ಬಿಸಿಗಾಳಿ ಬಿಟ್ಟು ಒಣಗಿಸಬೇಕು. "ಕೂಡಲೇ" ಅಂದರೆ ಕಾಫಿ ಕುಡಿದು ಬರೋಣ ಅಲ್ಲ. ತೊಳೆದ ಕಬ್ಬಿಣ ಕಣ್ಣೆದುರೇ ಕೆಂಪಾಗುತ್ತದೆ. ಒಣಗಿದ ತಕ್ಷಣ ಒಂದು ಲೀಟರ್ ಡೀಸೆಲ್ ಹಾಕಿ ಎಲ್ಲ ಮಗ್ಗುಲಿಗೂ ತಿರುಗಿಸಿ.

ಕಾರ್ಯದರ್ಶಿ:
ಒಳಗೆ ಬಳಿಯುವ ಲೇಪ ಸಿಗುತ್ತದೆ ಅಂತ ಗ್ಯಾರೇಜಿನವರು ಹೇಳಿದರು.

ಮನೆ 33:
ತುಕ್ಕು, ಜಿಡ್ಡು ಪೂರ್ತಿ ಹೋಗದ ಟ್ಯಾಂಕಿಗೆ ಲೇಪ ಹಾಕಿದರೆ ಆರು ತಿಂಗಳಿಗೆ ಹಪ್ಪಳದ ಹಾಗೆ ಏಳುತ್ತೆ. ಆಗ ತುಕ್ಕಿನ ಬದಲು ಅದನ್ನು ಸೋಸಬೇಕು. ನನ್ನ ಪ್ರಕಾರ ಈಗ ಬೇಡ. ತೂತು ಬಿದ್ದಿದ್ದರೆ ಮಾತ್ರ ಹೊಸ ಟ್ಯಾಂಕ್.

ಖಜಾಂಚಿ:
ನನಗೆ ಈ ಮಾತು ಹಿಡಿಸಿತು.

ಮನೆ 27:
ಇನ್ನೊಂದು. ಫಿಲ್ಟರ್ ಕಟ್ಟಿದೆ ಅಂತ ಹೋದ ವಾರ ಡ್ರೈವರ್ ಫಿಲ್ಟರ್ ಕಾಗದಕ್ಕೆ ಮೊಳೆಯಿಂದ ತೂತು ಹೊಡೆದಿದ್ದರಂತೆ. ಪಾಪ, ನೀರು ಮುಟ್ಟಿಸಬೇಕು ಅನ್ನುವ ಅವಸರ. ಆದರೆ ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿನೊಳಗೆ ಪ್ಲಂಜರ್ (ಡೀಸೆಲ್ ತಳ್ಳುವ ದಂಡ) ಸುತ್ತ ಇರುವ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ, ತಲೆಕೂದಲು 70 ಮೈಕ್ರಾನ್ ಆಸುಪಾಸು. ತುಕ್ಕಿನ ಪುಡಿ ಅಲ್ಲಿಗೆ ಹೋದರೆ ಪಂಪು, ಡೀಸೆಲ್ ಸಿಂಪಡಿಸುವ ನಾಜಲ್ಲು ಎರಡೂ ಹೋಗುತ್ತವೆ. ಅದರ ಖರ್ಚಿನ ಮುಂದೆ ಟ್ಯಾಂಕ್ ಏನೂ ಅಲ್ಲ. ಅವರನ್ನು ಬೈಯಬೇಡಿ, ಎರಡು ಫಿಲ್ಟರ್ ಸದಾ ಟೂಲ್ ಬಾಕ್ಸಿನಲ್ಲಿ ಇರಲಿ.

ಮನೆ 14:
ಡೀಸೆಲ್ ಕ್ಯಾನು ಪಂಪ್‌ಹೌಸ್ ಹೊರಗೆ ಮುಚ್ಚಳ ಇಲ್ಲದೆ ಬಿದ್ದಿರುತ್ತೆ, ಅದನ್ನೂ ನೋಡಿ. ತೊಳೆದ ಕೊಳಕು ನೀರನ್ನು ಬೋರ್‌ವೆಲ್ ಹತ್ತಿರ ಚೆಲ್ಲಬೇಡಿ. ಕುಡಿಯುವುದು ಅದೇ ನೀರು.

ಕಾರ್ಯದರ್ಶಿ:
ಸರಿ. ಮುಚ್ಚಳ ನಾನು ನಾಳೆಯೇ ತರುತ್ತೇನೆ. ಪೈಪಿನ ಜಾಯಿಂಟಿಗೆ ಪ್ಲಂಬರ್ ಹೇಳಿದ್ದೇನೆ. ಶನಿವಾರ ಬೆಳಿಗ್ಗೆ ಟ್ಯಾಂಕ್ ಇಳಿಸೋಣ, ಮನೆ 33ರ ಸಾರ್ ಮತ್ತು ಮೇಷ್ಟ್ರು ಬರಲೇಬೇಕು. ಕೊಳಕು ಡೀಸೆಲ್‌ಗೆ ಒಂದು ಡ್ರಮ್ ಇಟ್ಟು ಗ್ಯಾರೇಜಿಗೆ ಕೊಡೋಣ. ಎರಡು ದಿನ ಬಾಡಿಗೆ ಟ್ಯಾಂಕರ್.

ಖಜಾಂಚಿ:
ಒಂದೇ ದಿನ ಆಗಲ್ವಾ?

ಎರಡನೇ ಅಡ್ಡರಸ್ತೆ ಮೇಷ್ಟ್ರು:
ಆಗಲ್ಲ.

(ಭಾನುವಾರ ಸಂಜೆ)

ಮನೆ 27:
ಟ್ಯಾಂಕ್ ವಾಪಸ್ ಕೂತಿದೆ. ಶನಿವಾರ ತಳದ ಬೋಲ್ಟ್ ಬಿಚ್ಚಿದಾಗ ಬಂದ ನೀರು ಅರ್ಧ ಲೀಟರ್ ಬಾಟಲಿ ತುಂಬಿ ಮಿಕ್ಕಿತು. ತುಕ್ಕಿನ ಹಕ್ಕಳೆ ಎರಡು ಹಿಡಿ. ಒಳಗೆ ಈಗ ಬೂದು ಬಣ್ಣ, ತೂತು ಇಲ್ಲ. ಡೀಸೆಲ್ ಪೈಪಿನಲ್ಲಿ ಇನ್ನೂ ಪುಡಿ ಇರಬಹುದು, ಮೊದಲ ಫಿಲ್ಟರ್ ಒಂದು ವಾರಕ್ಕೇ ಬಿಚ್ಚಿ ನೋಡುತ್ತೇವೆ. ಡ್ರೈವರ್ ಹೊಸ ಮುಚ್ಚಳಕ್ಕೆ ಸರಪಳಿ ಕಟ್ಟಿಕೊಂಡಿದ್ದಾರೆ, ಮತ್ತೆ ಕಳೆಯಬಾರದು ಅಂತ.

ಕಾರ್ಯದರ್ಶಿ:
ನಾಳೆ ಬೆಳಿಗ್ಗೆ ಆರಕ್ಕೆ ಮೂರನೇ ಅಡ್ಡರಸ್ತೆಯಿಂದ ಶುರು. ಡ್ರಮ್ಮುಗಳನ್ನು ಗೇಟಿನ ಹೊರಗೆ ಇಟ್ಟಿರಿ.

ಮನೆ 14:
ಪೈಪಿನ ಜಾಯಿಂಟ್ ಇನ್ನೂ ಸೋರುತ್ತಿದೆ. ಈಗಲೇ ಕಿಟಕಿಯಿಂದ ನೋಡುತ್ತಿದ್ದೇನೆ.