ಜೋಪಾನವಾಗಿ ಇಟ್ಟುಕೊಂಡ ಮೋಟರ್‌ಹೋಮ್: ಎಷ್ಟಕ್ಕೆ, ಯಾರ ಮೂಲಕ ಮಾರುವುದು?

ಶಾರದಾ, ಫ್ರೀಮಾಂಟ್

ನಮ್ಮ ಮನೆಯ ಮೋಟರ್‌ಹೋಮ್ ಮಾರಬೇಕೆಂದಿದ್ದೇವೆ. 2014ರ ಮಾದರಿ, ಫೋರ್ಡ್ ಇ-350 ಚಾಸಿಸ್, 6.8 ಲೀಟರಿನ ವಿ10 ಎಂಜಿನ್, 24 ಅಡಿ ಉದ್ದ. ಚಾಲಕನ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವ ಕ್ಲಾಸ್ ಸಿ ಗಾಡಿ. ಓಡಿರುವುದು 46 ಸಾವಿರ ಮೈಲಿ. ಮಗಳು ಕಾಲೇಜಿಗೆ ಹೋದಳು, ಮಗನಿಗೆ ಅಪ್ಪ ಅಮ್ಮನ ಜೊತೆ ಯೊಸೆಮಿಟಿ ಸುತ್ತುವ ವಯಸ್ಸು ದಾಟಿತು. ಮನೆ ಮುಂದೆ ನಿಲ್ಲಿಸಲು ಬಡಾವಣೆಯ ಸಂಘ ಬಿಡುವುದಿಲ್ಲ. ಬಾಡಿಗೆ ಜಾಗದಲ್ಲಿ ನಿಂತು ತಿಂಗಳು ತಿಂಗಳೂ ದುಡ್ಡು ನುಂಗುತ್ತಿದೆ.

‘ಚೆನ್ನಾಗಿ ಇಟ್ಟುಕೊಂಡಿದ್ದೇವೆ’ ಎಂದು ಬರೆಯದ ಜಾಹೀರಾತೇ ಇಲ್ಲ. ಹಾಗಾಗಿ ನಾವು ಏನು ಮಾಡಿದ್ದೇವೆ ಎಂಬುದನ್ನೇ ಹೇಳುತ್ತೇನೆ. ಪ್ರತಿ ವರ್ಷ ಮಳೆ ಶುರುವಾಗುವ ಮೊದಲು ನಮ್ಮವರು ಏಣಿ ಹಾಕಿ ಚಾವಣಿ ಹತ್ತಿ, ಗಾಳಿಕಿಂಡಿ, ಏಸಿ, ಆಂಟೆನಾಗಳ ಸುತ್ತ ನೀರು ತಡೆಯುವ ಸೀಲಂಟ್ ಬಿರುಕು ಬಿಟ್ಟಿದೆಯೇ ನೋಡಿ ಹೊಸದು ಹಚ್ಚುತ್ತಾರೆ. ಓನನ್ ಜನರೇಟರನ್ನು ತಿಂಗಳಿಗೊಮ್ಮೆ, ಏಸಿಯ ಭಾರ ಹಾಕಿ, ಎರಡು ಗಂಟೆ ಓಡಿಸುತ್ತಾರೆ. ಸುಮ್ಮನೆ ನಿಲ್ಲಿಸಿದರೆ ಅದರ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಂಟಾಗಿ ಕೂರುತ್ತದೆ. ನನ್ನ ಪಾಲಿನ ಶಿಸ್ತು ಒಗ್ಗರಣೆಯದು. ಒಳಗಿನ ಒಲೆಯಲ್ಲಿ ಹಾಲು, ಕಾಫಿ, ಅನ್ನ, ಅಷ್ಟೇ. ಒಗ್ಗರಣೆ ಏನಿದ್ದರೂ ಹೊರಗೆ, ಮಡಿಸುವ ಮೇಜಿನ ಮೇಲೆ. ಊರಿನಿಂದ ಬಂದ ನಮ್ಮ ಅತ್ತೆಯವರು, ‘ಮನೆಯೊಳಗೆ ಒಲೆ ಇಟ್ಟುಕೊಂಡು ಬೀದಿಯಲ್ಲಿ ಸಾಸಿವೆ ಸಿಡಿಸುತ್ತೀಯಲ್ಲೇ’ ಎಂದು ನಕ್ಕಿದ್ದರು. ನಗಲಿ. ಇವತ್ತು ಸೀಟಿನ ಬಟ್ಟೆಗೆ ಮೂಗು ತಾಗಿಸಿ ನೋಡಿದರೂ ಇಂಗಿನ ಸುಳಿವಿಲ್ಲ.

ಇದೇ ಮಾದರಿಗೆ ಜಾಹೀರಾತುಗಳಲ್ಲಿ 36ರಿಂದ 43 ಸಾವಿರ ಡಾಲರ್ ಕೇಳುತ್ತಿದ್ದಾರೆ. ಎಲ್ಲಾ ರಸೀದಿಗಳೂ ಇರುವುದರಿಂದ 48 ಹೇಳೋಣ ಎನ್ನುತ್ತಾರೆ ನಮ್ಮವರು. ನನಗೆ ಧೈರ್ಯ ಬರುತ್ತಿಲ್ಲ. ನಾವೇ ಮಾರುವುದೇ, ಇಲ್ಲಾ ಕಮಿಷನ್ ಮೇಲೆ ಮಾರಿಕೊಡುವ ಅಂಗಳದಲ್ಲಿ ಬಿಡುವುದೇ?

ಮೂರ್ತಿ, ಸ್ಯಾಕ್ರಮೆಂಟೊ

ಶಾರದಾ ಅವರೇ, ನಿಮ್ಮವರಿಗೆ ಬೇಸರವಾದರೂ ಹೇಳುತ್ತೇನೆ: 48 ಬೇಡ. ಸಾಲ ಕೊಡುವ ಬ್ಯಾಂಕುಗಳು ನೋಡುವುದು ಹಿಂದೆ ನಾಡಾ ಎನ್ನುತ್ತಿದ್ದ, ಈಗ ಜೆ.ಡಿ. ಪವರ್ ಹೆಸರಿನಲ್ಲಿರುವ ದರಪಟ್ಟಿಯನ್ನು. ಅದಕ್ಕೆ ವರ್ಷ, ಮಾದರಿ, ಮೈಲಿ, ಜೋಡಿಸಿದ ಸೌಕರ್ಯಗಳು ಗೊತ್ತು; ಏಣಿ ಹತ್ತಿದ ಗಂಡ ಗೊತ್ತಿಲ್ಲ. ಕೊಳ್ಳುವವರಿಗೆ ಸಾಲ ಸಿಗದ ಬೆಲೆ ಹೇಳಿ ಏನು ಉಪಯೋಗ? ಕಾಲವೂ ಕೂಡಿಬಂದಿಲ್ಲ. ಕೋವಿಡ್ ಹೊತ್ತಿನಲ್ಲಿ ಜನ ಮುಗಿಬಿದ್ದು, 2021ರಲ್ಲಿ ಕಾರ್ಖಾನೆಗಳಿಂದ ಹೊರಬಂದ ಆರ್‌ವಿಗಳು, ಅಂದರೆ ಇಂಥ ವಾಸದ ಗಾಡಿಗಳು, ಎಳೆದೊಯ್ಯುವ ಟ್ರೇಲರ್‌ಗಳೂ ಸೇರಿ, ಆರು ಲಕ್ಷ. 2023ರಲ್ಲಿ ಅದು ಸುಮಾರು 3.13 ಲಕ್ಷಕ್ಕೆ ಇಳಿಯಿತು. ಅವತ್ತು ಆಸೆಪಟ್ಟು ಕೊಂಡವರಲ್ಲಿ ಎಷ್ಟೋ ಜನ ಈಗ ನಿಮ್ಮ ಜೊತೆ ಸಾಲಿನಲ್ಲಿ ನಿಂತಿದ್ದಾರೆ. ನಿಮ್ಮ ಜೋಪಾನ ನಿಮಗೆ 43ರ ತುದಿಯನ್ನು ತಂದುಕೊಡಬಹುದು, ಚೌಕಾಸಿ ಕಡಿಮೆಯಾಗಬಹುದು, ಬೇಗ ಮಾರಾಟವಾಗಬಹುದು. ಅದರಾಚೆಗೆ ಹೋಗುವುದಿಲ್ಲ.

ಆದರೆ ಆ ಜೋಪಾನವನ್ನು ತೋರಿಸುವುದು ಹೇಗೆ ಎನ್ನುವುದು ಮುಖ್ಯ. ಹಳೆಯ ಆರ್‌ವಿ ಕೊಳ್ಳುವವರ ಭಯ ಎಂಜಿನ್ ಅಲ್ಲ, ನೀರು. ಕ್ಲಾಸ್ ಸಿಯಲ್ಲಿ ಮೊದಲು ಸೋರುವ ಜಾಗ ಮುಂದಿನ ಮೇಲ್ಹಾಸಿಗೆಯ ಮೂಲೆಗಳು. ಹಾಸಿಗೆ ಎತ್ತಿ, ಆ ಎರಡು ಮೂಲೆಗಳ ಮರದ ಹಲಗೆ ಒಣಗಿ ಗಟ್ಟಿಯಾಗಿರುವುದು ಕಾಣುವಂತೆ ಫೋಟೊ ಹಾಕಿ. ಚಾವಣಿಯ ಫೋಟೊ ನಾಲ್ಕು ದಿಕ್ಕಿನಿಂದಲೂ ಇರಲಿ. ಹೊರಗೋಡೆಯ ಫೈಬರ್ ಪದರ ಒಳಗಿನಿಂದ ಬಿಟ್ಟುಕೊಂಡಿದ್ದರೆ ಎದುರು ನಿಂತು ನೋಡಿದಾಗ ತಿಳಿಯುವುದಿಲ್ಲ; ಸಂಜೆಯ ಓರೆ ಬಿಸಿಲಿನಲ್ಲಿ ಹಿಂದಿನ ಮೂಲೆಯಿಂದ ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿದರೆ ಉಬ್ಬು ಎದ್ದು ಕಾಣುತ್ತದೆ. ತಿಳಿದವರು ಬಂದ ಕೂಡಲೇ ಮಾಡುವ ಕೆಲಸ ಅದೇ. ತೇವ ಅಳೆಯುವ ಮೀಟರ್ ತಂದರೆ ಮುಖ ಗಂಟು ಹಾಕಿಕೊಳ್ಳಬೇಡಿ, ನಿಮ್ಮ ಗಾಡಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಫ್ರಿಜ್ ಅನ್ನು ಹಿಂದಿನ ರಾತ್ರಿಯೇ ಚಾಲೂ ಮಾಡಿ. ಗ್ಯಾಸಿನಿಂದ ನಡೆಯುವ ಆ ಬಗೆಯ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಬಂದವರು ಬಾಗಿಲು ತೆರೆದಾಗ ಬೆಚ್ಚಗಿದ್ದರೆ ಕೆಟ್ಟಿದೆ ಎಂದೇ ತೀರ್ಮಾನಿಸುತ್ತಾರೆ. ಅಂದಹಾಗೆ, ಟೈರ್ ಯಾವ ವರ್ಷದ್ದು? ಅದನ್ನು ನೀವು ಬರೆದೇ ಇಲ್ಲ.

ಕಾವ್ಯಾ, ಸ್ಯಾನ್ ಹೋಸೆ

ಕಾಗದದ ವಿಷಯ ನಾನು ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ (ಹೊಗೆ ತಪಾಸಣೆಯ) ಪ್ರಮಾಣಪತ್ರ ಕೊಡುವುದು ಮಾರುವವರ ಹೊಣೆ, ಅದರ ಆಯಸ್ಸು 90 ದಿನ. ನಿಂತ ಗಾಡಿಯ ಬ್ಯಾಟರಿ ಕಳಚಿಟ್ಟಿದ್ದರೆ ನೇರವಾಗಿ ಪರೀಕ್ಷೆಗೆ ಒಯ್ಯಬೇಡಿ. ಎಂಜಿನ್ ಕಂಪ್ಯೂಟರಿನ ನೆನಪು ಅಳಿಸಿಹೋಗಿರುತ್ತದೆ, ‘ಸಿದ್ಧವಿಲ್ಲ’ ಎಂದು ತಿರುಗಿಸಿ ಕಳುಹಿಸುತ್ತಾರೆ. ಕೆಲವು ದಿನ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ, ಆಮೇಲೆ ಹೋಗಿ.

ಟೈಟಲ್‌ನಲ್ಲಿ, ಅಂದರೆ ಗಾಡಿಯ ಒಡೆತನದ ಪತ್ರದಲ್ಲಿ, ಇಬ್ಬರ ಹೆಸರಿನ ನಡುವೆ ‘ಆಂಡ್’ ಇದ್ದರೆ ಇಬ್ಬರೂ ಸಹಿ ಹಾಕಬೇಕು, ‘ಆರ್’ ಇದ್ದರೆ ಒಬ್ಬರು ಸಾಕು. ಮಾರಿದ ಐದು ದಿನಗಳೊಳಗೆ ಡಿಎಂವಿಯ (ವಾಹನ ನೋಂದಣಿ ಇಲಾಖೆಯ) ಜಾಲತಾಣದಲ್ಲಿ ಹೊಣೆ ಬಿಡುಗಡೆಯ ಸೂಚನೆ ತುಂಬಿ. ನಂಬರ್ ಪ್ಲೇಟ್ ಗಾಡಿಯ ಜೊತೆಗೇ ಹೋಗುವುದರಿಂದ, ತುಂಬದಿದ್ದರೆ ಕೊಂಡವರ ಪಾರ್ಕಿಂಗ್ ದಂಡ ನಿಮ್ಮ ಮನೆಗೆ ಬರುತ್ತದೆ. ಟೋಲ್ ಕಟ್ಟುವ ಫಾಸ್ಟ್ರ್ಯಾಕ್ ಪೆಟ್ಟಿಗೆಯನ್ನು ಗಾಜಿನಿಂದ ಮೊದಲೇ ಕಿತ್ತಿಡಿ.

ಹಣವನ್ನು ಕೊಳ್ಳುವವರ ಬ್ಯಾಂಕಿನ ಶಾಖೆಯಲ್ಲೇ ಕುಳಿತು ಪಡೆಯಿರಿ. ಕೈಗೆ ತಂದುಕೊಡುವ, ಬ್ಯಾಂಕೇ ಬರೆದುಕೊಟ್ಟಿದ್ದೆನ್ನುವ ಕ್ಯಾಷಿಯರ್ ಚೆಕ್ ನಕಲಿಯಾಗಿದ್ದರೂ ಮರುದಿನ ಖಾತೆಯಲ್ಲಿ ಹಣ ಕಾಣಿಸುತ್ತದೆ, ವಾರಗಳ ನಂತರ ಮಾಯವಾಗುತ್ತದೆ. ಹೇಳಿದ ಬೆಲೆಗಿಂತ ಹೆಚ್ಚು ಕಳುಹಿಸಿ ‘ಮಿಕ್ಕಿದ್ದನ್ನು ಸಾಗಣೆಯವನಿಗೆ ಕೊಡಿ’ ಎನ್ನುವವರಿಗೆ ಉತ್ತರವನ್ನೇ ಕೊಡಬೇಡಿ.

ಗುರು, ರೆನೊ

ಮಾರಿಕೊಡುವ ಅಂಗಳಕ್ಕೆ ಬಿಡುವುದಾದರೆ ಒಪ್ಪಂದ ಓದಿ. ‘ನಿಮಗೆ ಇಷ್ಟು, ಮೇಲೆ ಬಂದದ್ದು ನಮ್ಮದು’ ಎನ್ನುವ ಬಗೆಯಲ್ಲಿ ಅವರಿಗೆ ಎಷ್ಟು ಸಿಕ್ಕಿತೆಂದು ನಮಗೆ ತಿಳಿಯುವುದೇ ಇಲ್ಲ. ನಮ್ಮ ಗಾಡಿಯನ್ನು ಒಂದು ಕಡೆ ಬಿಟ್ಟಿದ್ದೆವು. ನೋಡಲು ಬಂದವರು ಚಾವಣಿಯ ಕಿಂಡಿ ತೆರೆದರು, ಮುಚ್ಚುವವರು ಯಾರೂ ಇರಲಿಲ್ಲ, ಮಳೆ ಬಂತು. ಮನೆಯಲ್ಲಿ ಹಗಲು ಬಿಡುವಿರುವವರು ಒಬ್ಬರಿದ್ದರೆ ನೀವೇ ಮಾರಿ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಮಾತ್ರ ಅಂಗಳದ ಯೋಚನೆ ಮಾಡಿ.

ಶಾರದಾ, ಫ್ರೀಮಾಂಟ್

ಮೂರ್ತಿಯವರೇ, ನೀವು ಕೇಳಿದ್ದಕ್ಕೆ ನಮ್ಮವರು ಕಾರ್ಡ್‌ಬೋರ್ಡ್ ಹಾಸಿಕೊಂಡು ಗಾಡಿಯಡಿಗೆ ತೆವಳಿದರು, ಹಿಂದಿನ ಜೋಡಿ ಚಕ್ರಗಳ ಒಳಬದಿಯ ಟೈರಿನ ಸಂಖ್ಯೆ ಹೊರಗಿನಿಂದ ಕಾಣುವುದಿಲ್ಲವಲ್ಲ. ಆರರಲ್ಲೂ ಕೊನೆಯ ನಾಲ್ಕು ಅಂಕಿ 1817, ಅಂದರೆ 2017ರ ಹದಿನೆಂಟನೆಯ ವಾರ. ಗೆರೆಗಳು ಹೊಸದರಂತೆ ಆಳವಾಗಿವೆ. ಬದಲಾಯಿಸಿ ಮಾರುವುದೇ, ಬೆಲೆ ಇಳಿಸುವುದೇ? ನಾವೇ ಮಾರುತ್ತೇವೆ, 43 ಎಂದು ಒಪ್ಪಿಸಿದ್ದೇನೆ.

ಮೂರ್ತಿ, ಸ್ಯಾಕ್ರಮೆಂಟೊ

ಗೆರೆ ಇದ್ದು ಪ್ರಯೋಜನವಿಲ್ಲ. ನಿಂತ ಗಾಡಿಯ ಟೈರ್ ಸವೆದು ಸಾಯುವುದಿಲ್ಲ, ವಯಸ್ಸಾಗಿ ಸೀಳುತ್ತದೆ. ಆರೇಳು ವರ್ಷಕ್ಕೆ ಬದಲಾಯಿಸುವುದು ವಾಡಿಕೆ. ಹಾಕಿದ ಹಣ ಪೂರ್ತಿ ವಾಪಸ್ಸು ಬರುವುದಿಲ್ಲವಾದರೂ ಆರನ್ನೂ ಹಾಕಿಸಿ. ಕೊಂಡವರು ಅದೇ ದಿನ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾರೆ. ಬೆಲೆ ಇಳಿಸುವುದಾದರೆ ಟೈರ್ ಅಂಗಡಿಯ ದರಪತ್ರವನ್ನು ಎದುರಿಗಿಟ್ಟು ಅಷ್ಟನ್ನೇ ಇಳಿಸಿ, ಬಾಯಿಮಾತಿಗೆ ಬಿಟ್ಟರೆ ಅದರ ಎರಡರಷ್ಟು ಕೇಳುತ್ತಾರೆ.