ಅಪ್‌ಡೇಟ್: ಕಾಣೆಯಾಗಿದ್ದ ಹಾರ್ಡ್ ಡಿಸ್ಕ್ ಮರಳಿ ಸಿಕ್ಕಿತು

ಕಂಪ್ಯೂಟರಿಗೆ ಹೊಸ ಎಂ.2 ಎಸ್‌ಎಸ್‌ಡಿ (ಮದರ್‌ಬೋರ್ಡಿನ ಸ್ಲಾಟಿನಲ್ಲಿ ನೇರವಾಗಿ ಕೂರುವ, ತಿರುಗುವ ಭಾಗಗಳಿಲ್ಲದ ಸಂಗ್ರಹ ಸಾಧನ) ಹಾಕಿದ ದಿನದಿಂದ ಹಳೆಯ 1 ಟಿಬಿ ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲವೆಂದು ಕಳೆದ ವಾರ ಕೇಳಿದ್ದೆ, ಸಮಸ್ಯೆ ಬಗೆಹರಿದಿದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಡಿಸ್ಕ್ ಕೆಟ್ಟಿದೆ, ಹೊಸದು ಕೊಳ್ಳಿ ಎಂದಿದ್ದರು. ಆದರೆ ಕ್ಯಾಬಿನೆಟ್ ಮೇಲೆ ಕೈಯಿಟ್ಟರೆ ಅದು ತಿರುಗುವ ಸಣ್ಣ ನಡುಕ ತಿಳಿಯುತ್ತಿದ್ದುದರಿಂದ ಆ ಮಾತನ್ನು ನಂಬಲು ಮನಸ್ಸಾಗಲಿಲ್ಲ.

ನೀವು ಸೂಚಿಸಿದಂತೆ ಮೊದಲು ಬಯಾಸ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಕೆಲಸ ಮಾಡುವ ಮದರ್‌ಬೋರ್ಡಿನ ತಂತ್ರಾಂಶ, ನೋಡಿದೆ. ಅಲ್ಲಿಯೂ ಡಿಸ್ಕ್ ಇರಲಿಲ್ಲ. ಹಾಗಾದರೆ ತೊಂದರೆ ವಿಂಡೋಸಿನದಲ್ಲ; ಅದರ ಡಿವೈಸ್ ಮ್ಯಾನೇಜರಿನಲ್ಲಿ ದೋಷ ತೋರಿಸುವ ಹಳದಿ ಗುರುತು ಹುಡುಕುತ್ತ, ಡ್ರೈವರ್ ಬದಲಿಸುತ್ತ ಕಳೆದ ಎರಡು ಸಂಜೆಗಳು ದಂಡ. ಉತ್ತರವಿದ್ದದ್ದು ಮದರ್‌ಬೋರ್ಡ್ ಕೈಪಿಡಿಯ ಅಡಿಟಿಪ್ಪಣಿಯಲ್ಲಿ, ಅದೂ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ: ಈ ಬೋರ್ಡಿನಲ್ಲಿ ಎಂ.2 ಸ್ಲಾಟ್‌ಗೂ ಐದನೆಯ ಸಾಟಾ ಪೋರ್ಟ್‌ಗೂ (ಡಿಸ್ಕಿನ ದತ್ತಾಂಶ ಕೇಬಲ್ ಸಿಕ್ಕಿಸುವ ಜಾಗ) ದತ್ತಾಂಶ ಹರಿಯುವ ದಾರಿ ಒಂದೇ ಆಗಿರುವುದರಿಂದ, ಸ್ಲಾಟಿನಲ್ಲಿ ಸಾಟಾ ಮಾದರಿಯ ಎಸ್‌ಎಸ್‌ಡಿ ಕೂರಿಸಿದರೆ ಆ ಪೋರ್ಟ್ ತಾನಾಗಿ ನಿಷ್ಕ್ರಿಯಗೊಳ್ಳುತ್ತದೆ. ನನ್ನ ಎಸ್‌ಎಸ್‌ಡಿ ಅದೇ ಮಾದರಿಯದು, ಹಳೆಯ ಡಿಸ್ಕಿನ ಕೇಬಲ್ ಇದ್ದದ್ದು ಆ ಐದನೆಯ ಪೋರ್ಟಿನಲ್ಲಿಯೇ. ವಿದ್ಯುತ್ತು ಪವರ್ ಸಪ್ಲೈಯಿಂದ ಬೇರೆಯಾಗಿ ಬರುವುದರಿಂದ ಡಿಸ್ಕ್ ಮಾತ್ರ ಸುಮ್ಮನೆ ತಿರುಗುತ್ತಲೇ ಇತ್ತು.

ಕಂಪ್ಯೂಟರಿನ ವಿದ್ಯುತ್ ಪ್ಲಗ್ ಕಿತ್ತು, ಡಿಸ್ಕಿನ ಕೇಬಲನ್ನು ಎರಡನೆಯ ಪೋರ್ಟಿಗೆ ಬದಲಿಸಿದೆ. ತಂಗಿಯ ಮದುವೆಯ ಫೋಟೋಗಳೆಲ್ಲ ಇದ್ದಲ್ಲಿಯೇ ಇವೆ.